ಶೀಗಿ ಹುಣ್ಣಿಮೆಗೆ ಎತ್ತಿಟ್ಟದ್ದು

ಹೋದ ವರ್ಷ ದಸರೆ ಮುಗಿದ ಮೇಲೆ ಹಾವೇರಿಯಲ್ಲಿ ನನ್ನ ಮೊಮ್ಮಗಳ ಶಾಲೆಯವರು ಮಕ್ಕಳನ್ನೂ ಮನೆಯವರನ್ನೂ ಒಂದು ಭಾನುವಾರ ಬೆಳಗ್ಗೆ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ‘ನಿಸರ್ಗದ ಜೊತೆ ಒಂದು ದಿನ’ ಎಂದು ಬಟ್ಟೆಯ ಮೇಲೆ ಬರೆಸಿ ಎರಡು ಬೇವಿನ ಗಿಡಗಳ ನಡುವೆ ಕಟ್ಟಿದ್ದರು. ಮಕ್ಕಳ ತಲೆಗೆ ಟೊಪ್ಪಿಗೆ, ಕೊರಳಿಗೆ ನೀರಿನ ಬಾಟಲಿ, ಕೈಗೊಂದು ಪುಟ್ಟ ಬುಟ್ಟಿ. ಉದುರಿದ ಎಲೆ, ಬಿದ್ದ ಬೀಜ, ಹಕ್ಕಿಯ ಪುಕ್ಕ ಆರಿಸಿ ತರಬೇಕು. ಗಿಡದಿಂದ ಕೀಳಬಾರದು, ಕೆಸರಿಗೆ ಇಳಿಯಬಾರದು. ಒಬ್ಬ ಹುಡುಗ ಕೆಸರಿಗೆ ಇಳಿದೇ ಬಿಟ್ಟ. ಅವನ ತಂದೆ ಅವನನ್ನು ಬಿಟ್ಟು ಬೂಟನ್ನು ಎತ್ತಿಕೊಂಡು ಅಳುಮುಖ ಮಾಡಿದ. ನನಗೆ ನಗು ಬಂತು. ಆದರೂ ಹೇಳುತ್ತೇನೆ, ಆ ಬೆಳಗು ನನಗೆ ಸೇರಿತು. ಮಳೆ ಹಿಂದೆಗೆದು ಚಳಿ ಇನ್ನೂ ಬಾರದ ಈ ದಿನಗಳಲ್ಲಿ ಬಿಸಿಲಿಗೆ ಒಂದು ಬಗೆಯ ಮೆತ್ತಗಿನ ಬಣ್ಣ ಇರುತ್ತದೆ. ಆ ಬಣ್ಣದಲ್ಲಿ ಯಾವ ಮಗುವನ್ನು ನಿಲ್ಲಿಸಿದರೂ ಚೆಂದ ಕಾಣುತ್ತದೆ. ನನ್ನ ಮೊಮ್ಮಗಳಿಗೆ ಮೂರು ವರ್ಷ. ಬುಟ್ಟಿಯ ತುಂಬ ಬರೀ ಕಲ್ಲು ತುಂಬಿಕೊಂಡು ಹೊರಲಾರದೆ ಕುಳಿತಿದ್ದಳು. ಇನ್ನೊಂದು ಮಗುವಿನ ತಾಯಿ ಅವಳನ್ನು ಬುಟ್ಟಿಯ ಸಮೇತ ಎತ್ತಿಕೊಂಡು ಮುದ್ದು ಮಾಡಿದಳು.

“ಎಷ್ಟ ಚೆಂದ ಅದಾಳ್ರಿ ಈಕಿ! ನಮ್ಮ ಮನಿಗೆ ಒಯ್ಯಲೇನ್ರಿ?”

“ಒಯ್ರಿ, ಒಯ್ರಿ. ನಿಮ್ಮಾಕಿನ ಅಂತ ತಿಳೀರಿ,” ಎಂದಳು ನನ್ನ ಸೊಸೆ, ನಗುತ್ತ.

“ಬಾಯಿ ಮುಚ್ಚು!” ಎಂದೆ ನಾನು.

ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆ ಹೆಣ್ಣುಮಗಳು ಮಗುವನ್ನು ಬೇಗ ಕೆಳಗಿಳಿಸಿದಳು. ಸೊಸೆಯ ಮುಖ ಕೆಂಪಾಯಿತು. ಮನೆಗೆ ಬಂದ ಮೇಲೆ ಮಗ ಕೇಳಿದ, ಏನವ್ವ, ಹಂಗ ಮಂದಿ ಮುಂದ ಬೈತಾರೇನು, ಎಲ್ಲರೂ ಅನ್ನೂ ಮಾತದು. ಹೌದು, ಎಲ್ಲರೂ ಅನ್ನುವ ಮಾತೇ. ಮನೆಗೆ ಬಂದವರು ನಮ್ಮ ವಸ್ತುವನ್ನು ಮೆಚ್ಚಿದರೆ ತಗೊಳ್ರಿ, ನಿಮ್ಮದ ಅನ್ನುವುದು ನಮ್ಮ ಕಡೆಯ ರೀತಿ. ತೆಗೆದುಕೊಳ್ಳುವುದಿಲ್ಲ ಎಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಾನು ಮಾತ್ರ ಯಾರಿಗೂ ಹಾಗೆ ಅಂದವಳಲ್ಲ. ಬಂಧುಬಳಗದಲ್ಲಿ ನನ್ನನ್ನು ಬಿಗಿ ಹೆಂಗಸು ಅನ್ನುತ್ತಾರೆ, ಅನ್ನಲಿ. ಸೊಸೆಗೆ ಆ ದಿನ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬ್ಯಾಡಗಿಯಲ್ಲಿ ನಮ್ಮ ಮನೆ ರೈಲು ಹಳಿಯ ಕಡೆಯ ಓಣಿಯಲ್ಲಿತ್ತು. ಬಾಗಿಲು ದಾಟಿದರೆ ಮೊದಲು ಎತ್ತು, ಎಮ್ಮೆ ಕಟ್ಟುವ ಜಾಗ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲೆ. ಪಡಸಾಲೆಯ ಒಂದು ಮೂಲೆಯಲ್ಲಿ ದೇವರ ಜಗಲಿ, ಹಿಂದೆ ಕತ್ತಲೆಯ ಅಡಿಗೆಮನೆ. ಮನೆಯ ಗೋಡೆಗೂ, ಹಾಸಿಗೆಗೂ, ನಮ್ಮ ತಲೆಗೂದಲಿಗೂ ಮೆಣಸಿನಕಾಯಿಯ ಘಾಟು ಹತ್ತಿತ್ತು. ಅಪ್ಪ ಪೇಟೆಯಲ್ಲಿ ಒಬ್ಬ ದಲಾಲರ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುವ ಕೆಲಸ ಮಾಡುತ್ತಿದ್ದ. ಮೋಟೆಬೆನ್ನೂರಿನ ದಾರಿಯಲ್ಲಿ ನಮ್ಮದೊಂದು ಸಣ್ಣ ಹೊಲವೂ ಇತ್ತು. ಪರವೂರಿನಿಂದ ಬಂದವರು ನಮ್ಮ ಪಡಸಾಲೆಯಲ್ಲಿ ಕುಳಿತ ಕೂಡಲೆ ಸೀನುತ್ತಿದ್ದರು, ನಾವು ಮಕ್ಕಳು ಅದನ್ನೇ ಕಾದು ಕುಳಿತು ನಗುತ್ತಿದ್ದೆವು. ಪಡಸಾಲೆಯ ಕಂಬಕ್ಕೆ ಒರಗಿ ಆಯಿ ಇರುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಅವಳು ಕುಳಿತಲ್ಲಿಂದ ಬೀದಿ ಬಾಗಿಲು, ದನ, ದೇವರು, ಒಲೆ, ನಾಲ್ಕೂ ಕಾಣುತ್ತಿದ್ದವು. ಅಷ್ಟು ಕಂಡಮೇಲೆ ಮನೆ ನಡೆಸಲು ಎದ್ದು ಓಡಾಡುವ ಅಗತ್ಯ ಅವಳಿಗಿರಲಿಲ್ಲ. ಎಲೆಅಡಿಕೆಯ ಚೀಲದ ಬಾಯಿ ಬಿಗಿದು ಅವಳು ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಅಪ್ಪ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ಅವ್ವನ ಹೆಸರು ಶಾಂತವ್ವ, ದೇವರಗುಡ್ಡದ ಕಡೆಯ ಹಳ್ಳಿಯವಳು. ಅವಳಿಗೆ ನಾಲ್ಕು ಗೋಡೆ ಆಗುತ್ತಿರಲಿಲ್ಲ. ಮಹಾನವಮಿಯಿಂದ ದೀಪಾವಳಿಯವರೆಗೆ, ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಇನ್ನೂ ಸಮಯವಿದೆ ಅನ್ನುವಾಗ, ಓಣಿಯ ಮಕ್ಕಳನ್ನೆಲ್ಲ ಹಿಂದೆ ಕಟ್ಟಿಕೊಂಡು ಹಳಿ ದಾಟಿ ಹಳ್ಳದ ಕಡೆಗೆ ಹೊರಟುಬಿಡುತ್ತಿದ್ದಳು. ಹೊರಡಲು ನೆಪ ಬೇಕಲ್ಲ: ಒಂದು ದಿನ ದೇವರಿಗೆ ಹೊನ್ನರಿಕೆ ಹೂವು, ಒಂದು ದಿನ ಎಮ್ಮೆಗೆ ಹಸಿಹುಲ್ಲು, ಒಂದು ದಿನ ದೀಪಾವಳಿಗೆ ಸೆಗಣಿಯಲ್ಲಿ ಮಾಡುವ ಪಾಂಡವರಿಗೆ ಚುಚ್ಚಲು ಉತ್ತರಾಣಿ ಕಡ್ಡಿ. ಪಕ್ಕದ ಮನೆಯ ಜೈನಬಿ ಚಾಚಿಯ ಮಕ್ಕಳೂ ಬರುತ್ತಿದ್ದರು. ಎಂಜಲು ಹಚ್ಚಿ ಅಂಗೈಯಲ್ಲಿ ಹಿಡಿದರೆ ಪಟ್ಟನೆ ಸಿಡಿಯುವ ಕಾಯಿ ಯಾವ ಬೇಲಿಯಲ್ಲಿದೆ, ಗೀಜಗ ಯಾವ ಜಾಲಿಗೆ ಗೂಡು ಜೋತುಹಾಕಿದೆ, ಮಿಣಕಿ ಹಣ್ಣು ಬಳ್ಳಿಯಲ್ಲಿ ಹಣ್ಣಾಗಿದೆಯೋ ಇನ್ನೂ ಕಹಿ ಇದೆಯೋ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಹಸಿರು ಮಿಡತೆಯನ್ನು ಮುಂಗೈ ಮೇಲೆ ಕೂಡಿಸಿಕೊಂಡು, ಉಸಿರು ಬಿಡಬ್ಯಾಡ್ರಿ, ಅದು ವಿಚಾರ ಮಾಡಾಕತ್ತೈತಿ ಅನ್ನುತ್ತಿದ್ದಳು. ನಾವು ಹತ್ತು ಮಂದಿ ಮಕ್ಕಳು ಉಸಿರು ಬಿಗಿಹಿಡಿದು ಒಂದು ಮಿಡತೆಯ ವಿಚಾರ ಮುಗಿಯಲಿ ಎಂದು ಕಾಯುತ್ತಿದ್ದೆವು. ಮನೆಗೆ ಬಂದಾಗ ನಮ್ಮ ಲಂಗದ ತುಂಬ ಉತ್ತರಾಣಿ ಮುಳ್ಳು. ಆಯಿ ಕಂಬದ ಬುಡದಿಂದ ಗೊಣಗುತ್ತಿದ್ದಳು, ಹೆಣ್ಣ ಹಡದಾಳೋ ಕುರಿ ಹಡದಾಳೋ ಅಂತ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತ ಒಳಗೆ ಹೋಗುತ್ತಿದ್ದಳು. ನನಗೆ ಆರು ವರ್ಷ, ತಂಗಿ ಚನ್ನಿಗೆ ಮೂರು. ಚನ್ನಿಯನ್ನು ಅವ್ವ ಟೊಂಕದ ಮೇಲೆ ಹೊತ್ತುಕೊಂಡೇ ಹಳಿ ದಾಟುತ್ತಿದ್ದಳು. ನಮ್ಮ ಮನೆಯಲ್ಲಿ ಸುಖ ಎಂಬುದಿದ್ದರೆ ಅದು ಆ ಒಂದು ತಿಂಗಳಲ್ಲಿತ್ತು.

ಅಪ್ಪನ ಅಕ್ಕ ಗೌರತ್ತಿ ರಾಣೆಬೆನ್ನೂರಿನಲ್ಲಿದ್ದಳು. ಅವಳ ಗಂಡ ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿಬರುತ್ತಿದ್ದ. ಅವನು ರಾತ್ರಿ ಪಾಳಿಯಲ್ಲಿದ್ದರೆ ಮನೆಯಲ್ಲಿ ಅವಳೊಬ್ಬಳೇ. ಮದುವೆಯಾಗಿ ಬಹಳ ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲ. ತಂದೆ ಬೇಗ ಹೋದ ಮನೆಯಲ್ಲಿ ಅಪ್ಪನನ್ನು ಎತ್ತಿ ಆಡಿಸಿದವಳು, ಉಣಿಸಿದವಳು ಅವಳೇ. ನಮ್ಮ ಮನೆಗೆ ಬಂದರೆ ನನಗೂ ಚನ್ನಿಗೂ ಸಮನಾಗಿ ಬಳೆ, ರಿಬ್ಬನ್ನು ತರುತ್ತಿದ್ದಳು. ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವಳು ಕೆಟ್ಟವಳಾಗಿದ್ದರೆ ನಮಗೆಲ್ಲ ಬದುಕು ಸುಲಭವಾಗುತ್ತಿತ್ತು.

ದಸರೆ ಕಳೆದು ಬರುವ ಹುಣ್ಣಿಮೆಯೇ ಶೀಗಿ ಹುಣ್ಣಿಮೆ. ಆಗ ಪೈರು ಹೊಟ್ಟೆಯಲ್ಲಿ ಕಾಳು ಹೊತ್ತಿರುತ್ತದೆ, ಹೊಲವೇ ಬಸುರಿ ಎಂದು ಲೆಕ್ಕ. ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಬಯಕೆಯ ಊಟ ಬಡಿಸಿ, ಅಲ್ಲಿಯೇ ಉಂಡು, ಹೊತ್ತು ಇಳಿದ ಮೇಲೆ ಬರಬೇಕು. ಆ ವರ್ಷ ಗೌರತ್ತಿಯೂ ಬಂದಿದ್ದಳು. ಪೇಟೆಗೆ ಹೊಸ ಕಾಯಿ ಬರಲು ಇನ್ನೂ ದಿನವಿದ್ದುದರಿಂದ ಅಪ್ಪನಿಗೆ ಬಿಡುವಿತ್ತು. ಬೆಳಗ್ಗೆಯೇ ಹೋಗಿ ಹೊಲದ ಬನ್ನಿಗಿಡದ ಬುಡ ಕೆತ್ತಿ, ಸೆಗಣಿ ಸಾರಿಸಿದ್ದ. ಮಕ್ಕಳ ಪಾಲಿನ ಕೆಲಸ ಹಳ್ಳದಿಂದ ಐದು ಕಲ್ಲು ಆರಿಸಿ ತರುವುದು. ಅವನ್ನು ತೊಳೆದು, ಸುಣ್ಣ ಹಚ್ಚಿ, ಪಾಂಡವರೆಂದು ಸಾಲಾಗಿ ಕೂಡಿಸುತ್ತಾರೆ. ಆಮೇಲೆ ಚರಗ. ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡಬು, ಮೊಸರನ್ನ, ಮಾಡಿದ ಅಡಿಗೆಯೆಲ್ಲ ಒಂದು ಬುಟ್ಟಿಯಲ್ಲಿ ಕಲಸಿಕೊಂಡು, ಅಪ್ಪ ‘ಹುಲ್ಲುಲ್ಲಿಗೋ’ ಎಂದು ಕೂಗಿ ಪೈರಿನ ಮೇಲೆ ಚೆಲ್ಲುತ್ತ ಮುಂದೆ ಹೋದರೆ, ನಾವು ತಂಬಿಗೆಯಿಂದ ನೀರು ಚಿಮುಕಿಸುತ್ತ ‘ಚಲ್ಲಂಬ್ರಿಗೋ’ ಎಂದು ಹಿಂದೆ ಓಡಬೇಕು. ಸುತ್ತಲಿನ ಹೊಲಗಳಿಂದಲೂ ಅದೇ ಕೂಗು ಬರುತ್ತಿತ್ತು. ಚನ್ನಿ ನಾಲಗೆ ಹೊರಳದೆ ಬರೀ ‘ಗೋ, ಗೋ’ ಎಂದು ಕೂಗಿ, ಮೆಣಸಿನ ಗಿಡದ ಸಾಲಿನಲ್ಲಿ ಮುಗ್ಗರಿಸಿ, ಎದ್ದು, ಮತ್ತೆ ಓಡಿದಳು.

ಚರಗ ಚೆಲ್ಲಿದ ಮೇಲೆ ಹೊಲಕ್ಕೆ ಉಡಿ ತುಂಬುತ್ತಾರೆ, ಬಸುರಿಗೆ ಮಡಿಲು ತುಂಬಿದ ಹಾಗೆ. ಜೋಳದ ಒಂದು ಗುಂಪಿಗೆ ಹಸಿರು ಖಣ ಸುತ್ತಿ, ಬಳೆ ಏರಿಸಿ, ಅರಿಶಿನ ಕುಂಕುಮ ಹಚ್ಚಿ, ಬುಡದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಇಡುವುದು. ಅದಾದ ಮೇಲೆ ಮನೆಮಗಳ ಉಡಿ. ಗೌರತ್ತಿ ಬನ್ನಿಗಿಡದ ಕೆಳಗೆ ಪೂರ್ವಕ್ಕೆ ಮುಖ ಮಾಡಿ ಕುಳಿತು ಸೆರಗು ಹಾಸಿದಳು. ಅವ್ವ ಎದುರು ಕುಳಿತು ಬೊಗಸೆಯಿಂದ ಅಕ್ಕಿ ಹಾಕಿದಳು. ಅಷ್ಟರಲ್ಲಿ ಚನ್ನಿ ಎಲ್ಲಿಂದಲೋ ಓಡಿ ಬಂದಳು. ಲಂಗದ ತುಂಬ ಚೆಂಡುಹೂವು ಕಿತ್ತು ತುಂಬಿಕೊಂಡಿದ್ದಳು. ಬಂದವಳೇ ಹೂವಿನ ಸಮೇತ ಧೊಪ್ಪೆಂದು ಗೌರತ್ತಿಯ ಉಡಿಯಲ್ಲಿ, ಅಕ್ಕಿಯ ಮೇಲೆ ಕುಳಿತುಬಿಟ್ಟಳು. ಎಲ್ಲರೂ ನಕ್ಕರು. ಗೌರತ್ತಿ ನಗಲಿಲ್ಲ. ಎರಡೂ ಕೈಯಿಂದ ಅವಳನ್ನು ಬಳಸಿ ಹಿಡಿದಳು.

“ನೋಡ ಶಾಂತಾ, ನನ್ನ ಉಡಿ ತುಂಬಿತು.”

“ತುಂಬೇತಿ ಅಕ್ಕಾರ. ನಿಮ್ಮ ಉಡ್ಯಾಗ ಬಂದು ಕುಂತಾಳಂದ ಮ್ಯಾಲೆ ನಿಮ್ಮಾಕಿನ. ಒಯ್ರಿ,” ಎಂದಳು ಅವ್ವ, ನಗುತ್ತಲೇ.

“ಖರೇ ಅಂತೀಯೇನ?”

“ಖರೇ ಅಲ್ದ ಏನ್ರಿ!”

ಮಾತು ಅಷ್ಟೇ. ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತಿದ್ದ ಆಯಿ ಕಣ್ಣು ಮುಚ್ಚಿ ಹೊಲಕ್ಕೆ ಕೈ ಮುಗಿದಳು. ಅವಳು ಯಾಕೆ ಕೈ ಮುಗಿದಳೆಂದು ಅವ್ವ ನೋಡಲಿಲ್ಲ. ಉಂಡೆವು, ಹಸಿ ಶೇಂಗಾ ಕಿತ್ತು ಬೆಂಕಿಯಲ್ಲಿ ಸುಟ್ಟು ತಿಂದೆವು. ಹೊತ್ತು ಇಳಿದಾಗ ಗೌರತ್ತಿ ಚನ್ನಿಯನ್ನು ನಾಲ್ಕು ದಿನ ಕರೆದುಕೊಂಡು ಹೋಗುತ್ತೇನೆ ಎಂದಳು. ಹಾಗೆ ಹೋಗಿ ಇದ್ದು ಬರುವುದು ಹೊಸದೇನಲ್ಲ. ಅವ್ವ ಚನ್ನಿಯ ಮೂಗು ಒರೆಸಿ, ತಲೆ ಬಾಚಿ, ಹಟ ಮಾಡಬ್ಯಾಡ ಎಂದು ಹೇಳಿ ಕಳಿಸಿದಳು. ಅಪ್ಪ ಅವರನ್ನು ಚಕ್ಕಡಿಯಲ್ಲಿ ಸ್ಟೇಷನ್ನಿಗೆ ಬಿಟ್ಟುಬಂದ.

ದೀಪಾವಳಿ ಹತ್ತಿರ ಬಂದರೂ ಚನ್ನಿ ಬರಲಿಲ್ಲ. ಅವ್ವ, ಹೋಗಿ ಕರೆದುಕೊಂಡು ಬರ್ರಿ ಎಂದು ಅಪ್ಪನ ಬೆನ್ನು ಹತ್ತಿದಳು. ಅಪ್ಪ ಒಂದು ಬೆಳಗ್ಗೆ ರೈಲಿಗೆ ಹೋದವನು ಸಂಜೆ ಬರಿಗೈಯಲ್ಲಿ ಬಂದ. ಪಡಸಾಲೆಗೆ ಹತ್ತದೆ ಎತ್ತಿನ ಪಕ್ಕದಲ್ಲೇ ನಿಂತು ಅದರ ಕತ್ತು ತುರಿಸುತ್ತ ಹೇಳಿದ, ಅಕ್ಕ ಕೊಡುವುದಿಲ್ಲ ಎಂದಿಲ್ಲ, ಅತ್ತಳು ಅಷ್ಟೇ; ತನಗೆ ಕೈ ಮುಂದೆ ಮಾಡಲು ಆಗಲಿಲ್ಲ ಎಂದು. ಅವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದಳು.

“ನಾ ಚ್ಯಾಷ್ಟಿಗೆ ಅಂದಿದ್ನೆಲ್ರಿ! ಎಲ್ಲಾರೂ ಅಂತಾರ, ಹಂಗ ನಾನೂ ಅಂದೆ!”

“ಉಡಿ ತುಂಬುಮುಂದ ಚ್ಯಾಷ್ಟಿ ಮಾಡ್ತಾರೇನ?” ಎಂದಳು ಆಯಿ, ಕಂಬದ ಬುಡದಿಂದ. “ಪಡಸಾಲ್ಯಾಗ ಅಂದಿದ್ರ ಚ್ಯಾಷ್ಟಿ. ನೀ ಭೂಮ್ತಾಯಿ ಮುಂದ ಅಂದಿ. ಉಡ್ಯಾಗ ಬಿದ್ದದ್ದನ್ನ ಹೊಳ್ಳಿ ತಗೊಂಡೋರು ಯಾರರ ಅದಾರೇನ? ಆಕಿ ಉಡಿ ಜಾಡಿಸಿ ತಗೊಂಡು ಬಂದ್ರ ಈ ಮನಿಗೆ ಒಳ್ಳೇದಾಕ್ಕೈತೇನ?”

“ಅತ್ತೀ, ಅದು ಅಕ್ಕಿ ಅಲ್ರಿ, ಕೊಬ್ಬರಿ ಅಲ್ಲ. ನನ್ನ ಹೊಟ್ಟೀಲೆ ಹುಟ್ಟಿದ್ದು.”

“ನಿನಗ ಇನ್ನೂ ಆಕ್ಕಾವ. ಆಕಿಗೆ?”

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಎತ್ತಿನ ಕತ್ತು ತುರಿಸುವುದನ್ನು ನಿಲ್ಲಿಸಲಿಲ್ಲ. ಅವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ತಾಯಿಗೆ ಅಂಜುತ್ತಿದ್ದ, ಅಕ್ಕನ ಕಣ್ಣೀರಿಗೆ ಕರಗುತ್ತಿದ್ದ, ಹೆಂಡತಿಯ ಕಣ್ಣೀರಿಗೆ ಮಾತ್ರ ತಲೆ ತಗ್ಗಿಸಿ ಪೇಟೆಗೆ ಹೋಗುತ್ತಿದ್ದ. ಆ ರಾತ್ರಿ ರೊಟ್ಟಿ ಆಗಲಿಲ್ಲ, ಆಯಿ ಅವಲಕ್ಕಿ ನೆನೆಸಿ ನನಗೆ ಕೊಟ್ಟಳು. ಆಯಿ ಹೇಳಿದಂತೆ ಅವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ನಾನೇ ಉಳಿದೆ.

ಗೌರತ್ತಿ ಚನ್ನಿಯನ್ನು ನಮ್ಮ ಮನೆಗೆ ಕರೆತರುವುದನ್ನು ಬಿಟ್ಟಳು. ಮಗು ಹಳೆಯ ಪಡಸಾಲೆಯನ್ನು ಕಂಡು ನೆನೆಸಿಕೊಂಡರೆ ಎಂಬ ಅಂಜಿಕೆ ಇದ್ದಿರಬೇಕು. ಆದರೆ ಶೀಗಿ ಹುಣ್ಣಿಮೆಗೆ ತಪ್ಪದೆ ಬರುತ್ತಿದ್ದಳು. ಬ್ಯಾಡಗಿಯ ಸ್ಟೇಷನ್ನಿನಲ್ಲಿ ಇಳಿದು, ಅಪ್ಪನ ಚಕ್ಕಡಿಯಲ್ಲಿ ನೇರ ಹೊಲಕ್ಕೆ. ಸಂಜೆ ಹೊಲದಿಂದ ನೇರ ಸ್ಟೇಷನ್ನಿಗೆ. ಅವ್ವನಿಗೆ ತನ್ನ ಮಗಳು ವರ್ಷಕ್ಕೆ ಒಂದು ದಿನ, ಅದೂ ಬಯಲಿನಲ್ಲಿ, ಎಲ್ಲರೆದುರು ಸಿಗುತ್ತಿದ್ದಳು. ಮೊದಲ ವರ್ಷ ಚನ್ನಿ ಚಕ್ಕಡಿಯಿಂದ ಇಳಿದು ಅವ್ವನನ್ನು ನೋಡಿ ಗೌರತ್ತಿಯ ಸೀರೆಯ ಹಿಂದೆ ಅವಿತುಕೊಂಡಳು. “ಅತ್ತಿ ಅದಾಳ, ಕಾಲಿಗೆ ಬೀಳವ್ವ,” ಎಂದಳು ಗೌರತ್ತಿ. ನಾನು ಯಾರನ್ನು ಅತ್ತಿ ಅನ್ನುತ್ತಿದ್ದೆನೋ ಅವಳು ಚನ್ನಿಗೆ ಅವ್ವ, ನನ್ನ ಅವ್ವ ಅವಳಿಗೆ ಅತ್ತಿ. ಚನ್ನಿ ಬಂದು ಕಾಲು ಮುಟ್ಟಿದಳು. ಅವ್ವ ಅವಳ ತಲೆಯ ಮೇಲೆ ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ, ಹುಡುಗಿ ಬೇಸರಗೊಂಡು ನುಸುಳಿಕೊಂಡಳು.

ಅಲ್ಲಿಂದ ಮುಂದೆ ಅವ್ವನ ಸಂಜೆಯ ತಿರುಗಾಟದ ಬಗೆಯೇ ಬದಲಾಯಿತು. ಓಣಿಯ ಮಕ್ಕಳನ್ನು ಬಿಟ್ಟಳು. ನನ್ನೊಬ್ಬಳನ್ನು ಕರೆದುಕೊಂಡು ಹೊಲದ ಕಡೆಗೇ ಹೋಗುತ್ತಿದ್ದಳು. ಬದುವಿನ ಯಾವ ಬಳ್ಳಿಯಲ್ಲಿ ಮಿಣಕಿ ಹಣ್ಣು ಹುಣ್ಣಿಮೆಗೆ ಸರಿಯಾಗಿ ಹಣ್ಣಾಗುತ್ತದೆ ಎಂದು ನೋಡಿ ಅದರ ಮೇಲೆ ಎಲೆ ಮುಚ್ಚುವಳು. ಬಾವಿಯ ದಂಡೆಯ ಜಾಲಿಯಲ್ಲಿ ಗೀಜಗನ ಗೂಡು ಎಷ್ಟು ಇಳಿದಿದೆ ಎಂದು ದಿನವೂ ನೋಡುವಳು. ಎಳೆಯ ಸೌತೆಕಾಯಿಗೆ ಹುಲ್ಲಿನ ಗುರುತು ಕಟ್ಟುವಳು. ನನ್ನ ಕೈ ಮುಂದೆ ಹೋದರೆ ಸಾಕು, ಬೆರಳ ಮೇಲೆ ಒಂದು ಏಟು.

“ಮುಟ್ಟಬ್ಯಾಡ. ಅದು ಹುಣ್ಣಿವಿಗೆ ಬೇಕು.”

ನಾನು ಆ ಹೊಲದ ಒಂದೊಂದು ಗಿಡವನ್ನೂ ಕಲಿತದ್ದು ಹೀಗೆ, ನನ್ನದಲ್ಲದ ಹಣ್ಣು ಕಾಯುತ್ತ. ಇವತ್ತಿಗೂ ಒಂದು ಒಳ್ಳೆಯ ಹಣ್ಣನ್ನು ಪೂರ್ತಿ ತಿನ್ನಲು ನನಗೆ ಬರುವುದಿಲ್ಲ. ಅರ್ಧ ಕೊಯ್ದು ಮುಚ್ಚಿಡುತ್ತೇನೆ, ಯಾರಿಗೆ ಎಂದು ಕೇಳಿದರೆ ಹೇಳಲು ಗೊತ್ತಾಗುವುದಿಲ್ಲ. ಆಗ ನನಗೆ ಚನ್ನಿಯ ಮೇಲೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ನಾನಿದ್ದೆ. ನೀರು ತರುತ್ತಿದ್ದೆ, ಸೆಗಣಿ ಬಾಚುತ್ತಿದ್ದೆ, ಅವ್ವನಿಗೆ ತಲೆನೋವು ಬಂದರೆ ಹಣೆ ಒತ್ತುತ್ತಿದ್ದೆ. ಅವ್ವ ನನ್ನನ್ನು ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಹೊತ್ತಿಗೆ ಸರಿಯಾಗಿ ಉಣಿಸುತ್ತಿದ್ದಳು. ಆದರೆ ಅವಳ ಕಣ್ಣು ನನ್ನನ್ನು ದಾಟಿ ಎಲ್ಲೋ ಹೋಗುತ್ತಿತ್ತು. ಪರೀಕ್ಷೆಯಲ್ಲಿ ನಾನು ವರ್ಗಕ್ಕೇ ಮೊದಲು ಬಂದೆನೆಂದು ಓಡಿಬಂದು ಹೇಳಿದರೆ, “ಚನ್ನೀನೂ ಈ ವರ್ಷ ಸಾಲಿಗೆ ಹೋಗ್ತಿರಬೇಕು,” ಅನ್ನುತ್ತಿದ್ದಳು. ನಾನು ಒಳಗೆ ಹೋಗಿ ಕೈಕಾಲು ತೊಳೆದುಕೊಳ್ಳುತ್ತಿದ್ದೆ.

ಹುಣ್ಣಿಮೆಯ ದಿನ ಬಂದರೆ ಅವ್ವ ಬೇರೆಯವಳು. ಚನ್ನಿ ದೊಡ್ಡವಳಾಗುತ್ತ ಹೆದರಿಕೆ ಬಿಟ್ಟು ಅವಳ ಹಿಂದೆ ಹಿಂದೆ ತಿರುಗತೊಡಗಿದಳು. ಪಟ್ಟಣದಲ್ಲಿ ಬೆಳೆಯುವ ಹುಡುಗಿ, ಅವಳಿಗೆ ಹೊಲದಲ್ಲಿ ಎಲ್ಲವೂ ಸೋಜಿಗ. ಇದೇನ್ರಿ ಅತ್ತಿ, ಅದೇನ್ರಿ ಅತ್ತಿ ಎಂದು ಕೇಳುವಳು. ಅವ್ವ ತಿಂಗಳೆಲ್ಲ ಕಾಯ್ದಿಟ್ಟದ್ದನ್ನು ಒಂದೊಂದಾಗಿ ತೆಗೆದು ತೋರಿಸುವಳು, ಆಗತಾನೆ ಕಂಡವಳ ಹಾಗೆ, ಅಯ್ಯ ಇಲ್ಲಿ ನೋಡ, ಎಷ್ಟ ಚೆಂದ ಹಣ್ಣಾಗೇತಿ ಎಂದು. ಗೌರತ್ತಿ ಬನ್ನಿಗಿಡದ ಕೆಳಗೆ ಕುಳಿತು ಅವರನ್ನೇ ನೋಡುತ್ತಿದ್ದಳು. ಕರೆಯುತ್ತಿರಲಿಲ್ಲ, ಆದರೆ ಅವರು ಜೋಳದ ಮರೆಗೆ ಹೋದರೆ ಎದ್ದು ನಿಲ್ಲುತ್ತಿದ್ದಳು.

ನನಗೆ ಹನ್ನೊಂದು ವರ್ಷವಾದ ಬೇಸಗೆಯಲ್ಲಿ ಆಯಿ ತೀರಿಕೊಂಡಳು. ಹೊತ್ತೊಯ್ದು ಬಂದ ಮೇಲೆ ಕಂಬದ ಬುಡ ಖಾಲಿ ಬಿತ್ತು. ಹಲವು ದಿನ ನಾವೆಲ್ಲ ಅದನ್ನು ಸುತ್ತುಹಾಕಿಯೇ ಓಡಾಡಿದೆವು. ಮಳೆಗಾಲ ಕಳೆದು ದಸರೆ ಬಂತು. ಒಂದು ಮಧ್ಯಾಹ್ನ ಜೈನಬಿ ಚಾಚಿ ಹಿತ್ತಲಲ್ಲಿ ಅವ್ವನ ಜೊತೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಸುಮ್ಮನೆ ಬಿಡಿಸುತ್ತಿದ್ದವಳು ಒಮ್ಮೆಲೆ ಕೈ ನಿಲ್ಲಿಸಿ ಹೇಳಿದಳು.

“ಶಾಂತವ್ವಾ, ಇನ್ನ ಯಾರಿಗೆ ಅಂಜತಿ? ಹಿರೇಮನಸ್ಯಾಳು ಹೋದ್ಲು, ಆಕಿ ಕಟ್ಟಿದ ಗಂಟೂ ಆಕಿ ಜೋಡಿ ಹೋತು. ಹೋಗಿ ಕೇಳು. ತಾಯಿ ಮಗಳನ್ನ ಕೇಳಾಕ ನಾಚಿಕಿ ಯಾಕ?”

“ಆಕಿ ಕೊಡಬೇಕಲ್ಲ ಚಾಚಿ.”

“ನೀ ಒಮ್ಮೆರ ಬಾಯಿ ಬಿಟ್ಟು ಕೇಳೀಯೇನ? ನಿನ್ನ ಗಂಡ ಹೋದ, ಬಂದ. ನೀ ಕೇಳೀಯೇನ?”

ಅವ್ವ ಕೇಳಿರಲಿಲ್ಲ. ಆ ರಾತ್ರಿಯಿಂದ ಹುಣ್ಣಿಮೆಯವರೆಗೆ ಅವಳು ಒಂದು ಬಗೆಯ ಅವಸರದಲ್ಲಿದ್ದಳು. ಪಡಸಾಲೆಯನ್ನು ಸಾರಿಸಿದಳು. ನನ್ನ ಹಾಸಿಗೆಯ ಪಕ್ಕದ ಜಾಗ ತೆರವು ಮಾಡಿ, ಅಲ್ಲಿದ್ದ ಜೋಳದ ಚೀಲಗಳನ್ನು ನನ್ನ ಕೈಯಲ್ಲೇ ಎಳೆಸಿದಳು. ಅಪ್ಪ ನೋಡಿಯೂ ನೋಡದವನಂತಿದ್ದ. ಚನ್ನಿ ಬಂದರೆ ಅವ್ವ ನಗುತ್ತಾಳೆ, ಅವ್ವ ನಕ್ಕರೆ ನನ್ನ ಕಡೆಗೂ ನೋಡುತ್ತಾಳೆ ಎಂದು ನಾನು ಲೆಕ್ಕ ಹಾಕಿದೆ. ಆದ್ದರಿಂದ ತಂಗಿ ಬರಲಿ ಎಂದು ದೇವರ ಜಗಲಿಯ ಮುಂದೆ ನಾನೂ ಬೇಡಿಕೊಂಡೆ. ಬೇಡಿಕೊಂಡದ್ದು ಅವಳಿಗಾಗಿ ಅಲ್ಲ, ನನಗಾಗಿ.

ಆ ವರ್ಷ ಚರಗ ಚೆಲ್ಲಿದ್ದು, ಹೊಲಕ್ಕೆ ಉಡಿ ತುಂಬಿದ್ದು ಎಲ್ಲ ಎಂದಿನಂತೆ ನಡೆಯಿತು. ಚನ್ನಿಗೆ ಎಂಟು ವರ್ಷ. ಎರಡು ಜಡೆ ಹಾಕಿಕೊಂಡು, ಕೆಂಪು ಲಂಗದಲ್ಲಿ, ಥೇಟು ಅವ್ವನ ಮುಖ. ಗೌರತ್ತಿ ಉಡಿ ತುಂಬಿಸಿಕೊಳ್ಳಲು ಬನ್ನಿಗಿಡದ ಕೆಳಗೆ ಕುಳಿತಳು. ಅವ್ವ ಎದುರು ಕುಳಿತಳು, ಆದರೆ ಅಕ್ಕಿಗೆ ಕೈ ಹಾಕಲಿಲ್ಲ. ತನ್ನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಒಡ್ಡಿದಳು.

“ಅಕ್ಕಾರ, ಐದು ವರ್ಷ ನಾ ಒಂದ ಮಾತು ಆಡಿಲ್ಲ. ಇವತ್ತ ಬೇಡಾಕತ್ತೇನ್ರಿ. ನನ್ನ ಮಗಳನ್ನ ನನ್ನ ಉಡಿಗೆ ಹಾಕ್ರಿ.”

ಅಪ್ಪ ಚಕ್ಕಡಿಯ ಕಡೆಗೆ ಎದ್ದು ಹೋದ. ಗೌರತ್ತಿ ಜಗಳ ಮಾಡುತ್ತಾಳೆ, ಎದ್ದು ಚನ್ನಿಯನ್ನು ಎಳೆದುಕೊಂಡು ಹೊರಟುಬಿಡುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಅವ್ವನ ಖಾಲಿ ಸೆರಗನ್ನೇ ನೋಡಿದಳು.

“ನೀ ಯಾವಾಗ ಕೇಳತೀಯೋ ಅಂತ ನಾನೂ ದಿನಾ ಅಂಜಿಕೋಂತ ಬಂದೇನಿ ಶಾಂತಾ,” ಎಂದಳು. “ನಾ ಒಲ್ಲೆ ಅನ್ನೂದಿಲ್ಲ. ಆಕಿನ್ನ ಕಟ್ಟಿ ಹಾಕಿಲ್ಲ ನಾ. ಆಕಿನ್ನ ಕೇಳು. ಬರ್ತೇನಿ ಅಂದ್ರ ಈ ಹೊಲದಿಂದನ ಕರ್ಕೊಂಡು ನಡಿ. ನಾ ಒಬ್ಬಾಕಿನ ಸ್ಟೇಷನ್ನಿಗೆ ಹೋಗ್ತೇನಿ.”

ಚನ್ನಿ ಬದುವಿನ ಮೇಲೆ ಕುಳಿತು ಹೂವಿನ ದಂಡೆ ಕಟ್ಟುತ್ತಿದ್ದಳು. ಅವ್ವ ಎದ್ದು ಅವಳ ಕಡೆಗೆ ನಡೆದಳು. ಕಾಲಿಗೆ ಸೀರೆ ತೊಡಕುತ್ತಿತ್ತು. ನಾನು ಹಿಂದೆ ಹೋದೆ. ಅವ್ವ ಅವಳ ಮುಂದೆ ಮೊಣಕಾಲೂರಿ ಕುಳಿತು, ಹೇಗೆ ಕೇಳಬೇಕೆಂದು ತಿಳಿಯದೆ, ಅವಳ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಕೇಳಿದಳು.

“ಚನ್ನೀ, ನಮ್ಮ ಮನಿಗೆ ಬರ್ತೀಯೇನವ್ವ? ಇವತ್ತ ಅಷ್ಟ ಅಲ್ಲ. ಇರಾಕ.”

ಚನ್ನಿ ಹೂವು ಕಟ್ಟುವುದನ್ನು ನಿಲ್ಲಿಸಿದಳು. ಅವಳಿಗೆ ಆಶ್ಚರ್ಯವಾಗಲಿಲ್ಲ.

“ನನಗ ಗೊತ್ತೈತ್ರಿ ಅತ್ತೀ,” ಎಂದಳು ಮೆಲ್ಲಗೆ. “ನನ್ನ ನೀವ ಹಡದೀರಿ. ನಮ್ಮವ್ವನ ಹೇಳ್ಯಾಳ.”

“ಹೇಳ್ಯಾಳ?”

“ಹೂಂರಿ. ನಿಮ್ಮನ್ನ ಕಂಡಾಗ ಕಾಲಿಗೆ ಬೀಳೂದು ಮರೀಬ್ಯಾಡ, ಆಕಿ ನಿನ್ನ ನನಗ ಕೊಟ್ಟಾಳ ಅಂತ ಹೇಳ್ಯಾಳ್ರಿ.”

ಚನ್ನಿ ಬನ್ನಿಗಿಡದ ಕಡೆಗೆ ನೋಡಿದಳು. ಗೌರತ್ತಿ ನಮಗೆ ಬೆನ್ನು ಮಾಡಿ ಕುಳಿತಿದ್ದಳು. ಹಾಸಿದ ಸೆರಗು ಹಾಗೆಯೇ ನೆಲದ ಮೇಲಿತ್ತು. ಚನ್ನಿ ತಿರುಗಿ ಅವ್ವನನ್ನು ನೋಡಿದಳು, ಆಮೇಲೆ ಅವ್ವನ ಹಿಂದೆ ನಿಂತಿದ್ದ ನನ್ನನ್ನು.

“ನಿಮಗ ಅಕ್ಕ ಅದಾಳಲ್ರಿ ಅತ್ತೀ,” ಎಂದಳು. “ನಮ್ಮವ್ವಗ ಯಾರೂ ಇಲ್ಲ.”

ಎಂಟು ವರ್ಷದ ಹುಡುಗಿ. ಅದರಲ್ಲಿ ಹಟವಿರಲಿಲ್ಲ, ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಇಬ್ಬರು ತಾಯಂದಿರನ್ನು ತೂಗಿ ನೋಡಿ, ಯಾರ ಕಡೆ ಹಗುರವೋ ಆ ಕಡೆ ತಾನು ಕುಳಿತಳು. ನಾನು ಇಲ್ಲದಿದ್ದರೆ ಅವಳು ಬರುತ್ತಿದ್ದಳೇನೋ ಎಂಬುದು ಆ ಕ್ಷಣಕ್ಕೆ ನನಗೆ ಹೊಳೆಯಿತು. ಈ ಬದುಕಿನಲ್ಲಿ ಮುಂದೆ ಎಷ್ಟೋ ಕೇಳಿದ್ದೇನೆ, ಅಷ್ಟು ನೋಯಿಸಿದ ಮಾತು ಇನ್ನೊಂದಿಲ್ಲ. ಎಲ್ಲಾದರೂ ಜೋಳದ ಸಾಲಿನಲ್ಲಿ ಅಡಗಿಕೊಳ್ಳಬೇಕು ಅನ್ನಿಸಿತು.

ಅವ್ವ ಮೊಣಕಾಲೂರಿದ್ದವಳು ಏಳಲು ನೋಡಿದಳು, ಆಗಲಿಲ್ಲ. ಹಿಂದಕ್ಕೆ ಕೈ ಚಾಚಿದಳು. ನಾನು ಮುಂದೆ ಹೋದೆ. ಅವಳು ನನ್ನ ರಟ್ಟೆ ಹಿಡಿದು, ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಎದ್ದು ನಿಂತಳು. ನಿಂತು, ತಿರುಗಿ, ನನ್ನ ಮುಖ ನೋಡಿದಳು. ಐದು ವರ್ಷದಿಂದ ನಾನು ಕಾಯುತ್ತಿದ್ದದ್ದು ಅದೊಂದು ನೋಟಕ್ಕೇ.

“ಖರೇ ಐತಿ ತಂಗೀ,” ಎಂದಳು ಚನ್ನಿಗೆ, ನನ್ನ ಮುಖದಿಂದ ಕಣ್ಣು ತೆಗೆಯದೆ. “ನನಗ ಈಕಿ ಅದಾಳ.”

ಅವಳು ನನ್ನ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳು ಬೀಳಬಾರದೆಂದು ನಾನು ಎರಡೂ ಕಾಲು ಅಗಲಿಸಿ, ಮಣ್ಣಿಗೆ ಬೆರಳೂರಿ, ಗಟ್ಟಿಯಾಗಿ ನಿಂತೆ.